ಹುತ್ತದವರೆಗಿನ ಸಾಲು

"ನಿನ್ನ ಕೈಲಿ ಆಗೋದಲ್ಲ ಬಿಡು ತಾಯಿ," ಅಂದವನು ಪಕ್ಕದ ಬಿಲದ ಹೆಗ್ಗಣ ಡೊಗರಪ್ಪ. ನನ್ನ ಗಂಡನನ್ನು ಹಾವು ನುಂಗಿದ ವಾರ ಅದು. "ಕಣ್ಣು ಮಂಜು, ಮೈ ಒಂದು ಹಿಡಿಯಿಲ್ಲ. ಐದು ಮರಿ ಸಾಕ್ತೀಯಾ ನೀನು?"

ಮಕ್ಕಳೇ, ನಾನು ಸುಂಡಿಲಿ. ಆಗ ನಮ್ಮ ಮನೆ ಕಾಡಿನಂಚಿನ ಹೊಂಡದ ದಂಡೆಯಲ್ಲಿತ್ತು. ಎಂಥ ದಂಡೆ ಅದು! ಬಿಸಿಲಿಗೆ ಕಾದ ಜೊಂಡಿನ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಕಣ್ಣು ಕಾಣದಿದ್ದರೇನು? ನೆಲವನ್ನು ಮೂಗಿನಿಂದ ಓದುವುದನ್ನು ಕಲಿತೆ. ಯಾರೂ ಹೇಳಿಕೊಡಲಿಲ್ಲ. ಹಾಗೆ ಓದುತ್ತಿರುವಾಗ ಒಂದು ದಿನ ಬಿಲದ ಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಹಳೆಯ ಕೆಸರಿನ ವಾಸನೆ ಸಿಕ್ಕಿತು. ಅಂದರೆ ಎಂದೋ ಹೊಂಡದ ನೀರು ಅಲ್ಲಿಯವರೆಗೆ ಏರಿತ್ತು. ಮತ್ತೆ ಏರದೆ ಇರುತ್ತದೆಯೇ?

ಅಂದೇ ಪಾಠ ಶುರು. ನಾನು ಎರಡು ಸಲ ಕೀಚ್ ಅಂದರೆ ಹಿರಿಯ ಮರಿ ನನ್ನ ಬಾಲ ಕಚ್ಚಿ ಹಿಡಿಯಬೇಕು, ಎರಡನೆಯದು ಅದರ ಬಾಲ, ಹೀಗೆ ಐದೂ. ಸಾಲಾಗಿ ದಿಬ್ಬದ ಮೇಲಿನ, ಹಾವಿನ ವಾಸನೆಯಿಲ್ಲದ ಹುತ್ತಕ್ಕೆ ಓಟ. ಹಿಡಿತ ತಪ್ಪಿದವರು ನನ್ನ ವಾಸನೆ ಹಿಡಿದು ಹುತ್ತಕ್ಕೇ ಬರಬೇಕು. ಯಾರನ್ನು ಹುಡುಕಲಿಕ್ಕೂ ಯಾರೂ ಬಿಲಕ್ಕೆ ಮರಳುವಂತಿಲ್ಲ.

"ಏನಮ್ಮಾ, ದಿಬ್ಬಣ ಎಲ್ಲಿಗೆ?" ಡೊಗರಪ್ಪ ದಿನಾ ಕೂಗುತ್ತಿದ್ದ. "ಇದರಲ್ಲಿ ಮದುವೆ ಹೆಣ್ಣು ಯಾವುದು? ನಮ್ಮನೆಗೆ ಮೂರು ಬಾಗಿಲು ಕಣಮ್ಮ. ನೀರು ಬಂದಾಗ ನೋಡ್ಕೊಂಡ್ರಾಯ್ತು!"

ಅವನ ಹೆಂಡತಿ ಗೋಣಮ್ಮ ನಗುತ್ತಿರಲಿಲ್ಲ. ನನ್ನ ಬಾಣಂತನದಲ್ಲಿ ಎರೆಹುಳ ತಂದುಕೊಟ್ಟವಳು ಅವಳು. ಒಂದು ಸಂಜೆ ಮೆಲ್ಲಗೆ ಬಂದು ಕೇಳಿದಳು: "ಅಕ್ಕಾ, ನನ್ನ ನಾಲ್ಕು ಮರೀನೂ ಸಾಲಿಗೆ ಸೇರಿಸ್ಕೋತೀಯಾ?"

"ನಿನ್ನ ಗಂಡ ನಕ್ಕಿದ್ದು ಮುಗೀತೇನು? ಮೂರು ಬಾಗಿಲ ಮನೆಯವರಿಗೆ ನನ್ನ ಪಾಠ ಯಾಕಮ್ಮ?" ಅಂದುಬಿಟ್ಟೆ.

ಅವಳು ಬಂದ ದಾರಿಯಲ್ಲೇ ತಿರುಗಿ ಹೋದಳು.

ಒಂಬತ್ತು ದಿನ ಕಳೆದಿರಬಹುದು. ಮಧ್ಯಾಹ್ನ, ನಮ್ಮಲ್ಲಿ ಚುರುಗುಟ್ಟುವ ಬಿಸಿಲು. ಮಳೆ ಸುರಿದದ್ದು ಎಲ್ಲೋ ಮೇಲಿನ ಗುಡ್ಡದಲ್ಲಿ. ನೀರು ಒಮ್ಮೆಲೇ ನುಗ್ಗಿತು.

"ಕೀಚ್! ಕೀಚ್!"

ಮರಿಗಳು ಬಾಲ ಕಚ್ಚಿದವು. ಓಡಿದೆವು. ಹುತ್ತದ ಬಳಿ ಮೂಸಿ ನೋಡಿದರೆ ನಾಲ್ಕೇ! ಕೊನೆಯ ಮಿಣುಕಿ ಇಲ್ಲ. ಕಾಲು ಹಿಂದಕ್ಕೆ ಎಳೆಯಿತು. ಆದರೆ ಹೇಳಿಕೊಟ್ಟ ಮಾತನ್ನು ನಾನೇ ಮುರಿದರೆ ಉಳಿದ ನಾಲ್ಕೂ ನನ್ನ ಹಿಂದೆ ಬರುತ್ತಿದ್ದವು. ನಿಂತಲ್ಲೇ ನಿಂತು ಕೀಚಿದೆ, ಗಂಟಲು ಹರಿಯುವಂತೆ ಕೀಚಿದೆ. ಕೆಸರುಮುದ್ದೆಯೊಂದು ಉರುಳಿಕೊಂಡು ಬಂತು. ನನ್ನ ಮಿಣುಕಿ!

ಕೆಳಗೆ ಡೊಗರಪ್ಪ ಒಂದು ಬಾಗಿಲಿಂದ ಓಡಿ ಆಚೆ ದಡ ಸೇರಿದ್ದನೆಂದು ಆಮೇಲೆ ತಿಳಿಯಿತು. ಅವನ ಮರಿಗಳು ಇನ್ನೊಂದರಿಂದ ಹೊರಬಿದ್ದು, ನನ್ನ ದನಿ ಕೇಳಿ ಹುತ್ತಕ್ಕೆ ಹತ್ತಿದವು. ಮೂರನೆಯದರಿಂದ ಬಂದ ಗೋಣಮ್ಮ ನೀರಂಚಿನಲ್ಲಿ ಅರಚುತ್ತಿದ್ದಳು: "ಮಕ್ಕಳೆಲ್ಲಿ? ಒಳಗೇ ಉಳಿದ್ವಾ?"

"ಇಲ್ಲಿವೆ ಗೋಣೀ! ನಾಲ್ಕೂ ಇಲ್ಲಿವೆ!"

ಅಷ್ಟರಲ್ಲಿ ನೀರಿನ ಮೊರೆತ ಹೆಚ್ಚಾಗಿತ್ತು. ನನ್ನ ದನಿ ಅವಳನ್ನು ಮುಟ್ಟಲಿಲ್ಲ. ಅವಳು ಬಿಲದೊಳಗೆ ನುಗ್ಗಿದಳು. ಮತ್ತೆ ಬರಲಿಲ್ಲ.

ಈಗ ದಿಬ್ಬದ ಮೇಲೆ ನಾನೇ ತೋಡಿದ ಮನೆಯಿದೆ. ನನ್ನ ಹಿಂದೆ ಒಂಬತ್ತು ಮಕ್ಕಳ ಸಾಲಿದೆ. ಅದರಲ್ಲಿ ನಾಲ್ಕು ನನಗಿಂತ ದಪ್ಪ. ಅವು ಜಗ್ಗಿ ಜಗ್ಗಿ ನನ್ನ ಬಾಲದಲ್ಲಿ ಒಂದು ಕೂದಲೂ ಉಳಿದಿಲ್ಲ. ಎಲ್ಲರ ಕೊನೆಗೆ ಡೊಗರಪ್ಪ, ಮುಂದಿನ ಮರಿಯ ಬಾಲ ಕಚ್ಚಿಕೊಂಡು ಬರುತ್ತಾನೆ. ಇಷ್ಟೂ ನನ್ನದೇ. ಇದಕ್ಕೆ ನಾನು ತೆತ್ತದ್ದು ಗೋಣಮ್ಮನನ್ನು.

ನೀತಿ: ಆಪತ್ತು ಬರುವ ಮೊದಲೇ ಮನೆಮಂದಿಯನ್ನು ಅಣಿಗೊಳಿಸಬೇಕು, ಕಲಿತದ್ದನ್ನು ಹಟಕ್ಕೆ ಬಿದ್ದು ನೆರೆಮನೆಗೆ ಕಲಿಸದೆ ಇರಬಾರದು.