ಹಗ್ಗದ ನೆನಪು

ಹೊಳೆ ದಂಡೆಯ ಮಠದಲ್ಲಿ ಮರುಳಸಿದ್ಧರು ಗಣಿತ ಹೇಳಿಕೊಡುತ್ತಿದ್ದರು. ಲೆಕ್ಕವೆಲ್ಲ ಅಂಗಳದ ಮರಳಿನ ಮೇಲೆ. ಒಂದು ಸಾಲು ಬರೆ, ಅದರಿಂದ ಮುಂದಿನ ಸಾಲು ತೆಗೆ, ಹಿಂದಿನದನ್ನು ಒರೆಸು. ಅದು ಅಲ್ಲಿನ ಪದ್ಧತಿ.

ಶಿಷ್ಯ ಚನ್ನವೀರನಿಗೆ ಒಂದೇ ಒಂದು ಲೆಕ್ಕ ಉಳಿದಿತ್ತು. ಅದು ಸರಿಬಂದರೆ ಊರಿಗೆ ಹೋಗಿ ತಾನೇ ಪಾಠ ಹೇಳಬಹುದು. ಅವನ ಕಾಲು ಆಗಲೇ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ದೋಣಿ ಎಳಿಯಾಕ ಹೊಳಿಗೆ ಅಡ್ಡ ಹಗ್ಗ ಕಟ್ಯಾರಲ್ಲ, ಮುಂದಿನ ಹುಣ್ಣಿಮಿಗೆ ಅದು ಎಷ್ಟು ಜೋತು ಬಿದ್ದಿರ್ತದ, ಹೇಳು" ಎಂದರು ಗುರುಗಳು.

ಚನ್ನವೀರ ಲೆಕ್ಕ ಹಾಕಿ ಹೇಳಿದ. ಹುಣ್ಣಿಮೆಗೆ ನೋಡಿದರೆ ಹಗ್ಗ ಅವನು ಹೇಳಿದ್ದಕ್ಕಿಂತ ಒಂದು ಗೇಣು ಕೆಳಗಿತ್ತು.

"ಹೆಂಗ ಲೆಕ್ಕ ಹಾಕಿದಿ?"

"ಇವತ್ತಿನ ಭಾರ, ಇವತ್ತಿನ ಜೋಲು. ಅದರಿಂದ ನಾಳಿದು ತಗದೆ."

"ನಿನ್ನಿದು?"

"ಒರಸಿದೆ, ಅಪ್ಪಾರ. ನೀವ ಕಲಿಸಿದ್ದು."

ಗುರುಗಳು ನಕ್ಕರು. "ಎಸೆದ ಕಲ್ಲಿಗೆ ಅಷ್ಟು ಸಾಕು, ತಮ್ಮಾ. ಹಗ್ಗ ಹಂಗಲ್ಲ. ತನ್ನ ಜಗ್ಗಿದವರನ್ನೆಲ್ಲ ನೆನಪಿಟ್ಟಿರ್ತದ."

ಚನ್ನವೀರ ಅಂಬಿಗನನ್ನು ಕೇಳಿ, ಹಗ್ಗ ಇಷ್ಟು ವರ್ಷ ಹೊತ್ತ ಭಾರವನ್ನೆಲ್ಲ ಬರೆದ. ಪ್ರತಿ ಹೊಸ ಸಾಲಿಗೂ ಹಳೆಯವನ್ನೆಲ್ಲ ಕೂಡಿಸಿದ. ಅಂಗಳ ತುಂಬಿತು. ಕೊಡ ಹೊತ್ತು ಬಂದ ಅಡುಗೆಯ ನೀಲಮ್ಮ, "ನಾ ಎಲ್ಲಿ ಕಾಲಿಡ್ಲೋ ಯಪ್ಪಾ?" ಎಂದು ಬೈದಳು.

ಅವನು ಬೇಸತ್ತು ತೀರಾ ಹಳೆಯ ಸಾಲುಗಳನ್ನು ಅಳಿಸಿಬಿಟ್ಟ. ಮುಂದಿನ ಹುಣ್ಣಿಮೆಗೆ ಲೆಕ್ಕ ಮತ್ತೆ ತಪ್ಪಿತು.

"ಅವುಗಳ ಪಾಲು ಒಂದೊಂದು ಸಾಸಿವಿಯಷ್ಟು, ಅಪ್ಪಾರ!"

"ಸಾಸಿವಿ ಚೀಲ ಹೊತ್ತು ನೋಡು."

ಚನ್ನವೀರನಿಗೆ ಅಳುವೇ ಬಂತು. "ಇಟ್ಟುಕೊಂಡ್ರ ಜಾಗ ಇಲ್ಲ, ಬಿಟ್ರ ಲೆಕ್ಕ ಇಲ್ಲ. ನಾ ಇಲ್ಲೇ ಮುದುಕ ಆಗ್ತೀನಿ."

ಗುರುಗಳು ಪಕ್ಕದಲ್ಲಿ ಕೂತರು. "ನಿನ್ನೆ ಏನು ಉಂಡಿ?"

"ಮುಂಜಾನೆ ರೊಟ್ಟಿ, ಪುಂಡಿ ಪಲ್ಯ. ರಾತ್ರಿ ನುಚ್ಚು, ಮಜ್ಜಿಗಿ."

"ಹೋದ ತಿಂಗಳು?"

"ದಿನಾ ರೊಟ್ಟಿನ."

"ಸಣ್ಣಾವ ಇದ್ದಾಗ?"

"ಅವ್ವ ಉಣಸ್ತಿದ್ಲು."

ಹಾಗೆ ಹೇಳಿದವನೇ ಎದ್ದು ಅಂಗಳಕ್ಕೆ ಓಡಿದ. ಹತ್ತಿರದ ದಿನಗಳ ಭಾರವನ್ನು ಒಂದೊಂದಾಗಿ ಬರೆದ. ಅದರಾಚೆ ತಿಂಗಳಿಗೊಂದು ಸಾಲು. ಇನ್ನೂ ಆಚೆಯ ವರ್ಷಗಳೆಲ್ಲ ಸೇರಿ ಒಂದೇ ಸಾಲು. ನೀಲಮ್ಮನಿಗೆ ಓಡಾಡಲು ದಾರಿ ಉಳಿಯಿತು.

ಮರು ಹುಣ್ಣಿಮೆಗೆ ಹಗ್ಗ ಅವನು ಹೇಳಿದಲ್ಲೇ ಜೋತಿತ್ತು. ಹಿಗ್ಗಿ ಹೀರೇಕಾಯಿಯಾಗಿ ಬಂದು ಗುರುಗಳ ಪಾದ ಹಿಡಿದ. ಹೊರಡುವ ಹೊತ್ತು ಬಂತೆಂದು ಹೊಳೆದಾಗ ಹಿಡಿದ ಪಾದ ಬಿಡಲಿಲ್ಲ.

"ಇಲ್ಲಿಯ ಒಂದೊಂದು ದಿನಾನೂ ಮರೆಯಂಗಿಲ್ಲ, ಅಪ್ಪಾರ."

ಗುರುಗಳು ಅವನ ಭುಜ ಹಿಡಿದು ಎಬ್ಬಿಸಿದರು.

"ಅಷ್ಟೆಲ್ಲ ಹೊರಬ್ಯಾಡೋ. ಬರಬರ್ತಾ ನಮಗೂ ಒಂದು ಸಾಲು ಸಾಕು."