ಒಣ ಮೆಟ್ಟಿಲು

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದ ಬಾಗಿಲಿನಿಂದ ಹೊಳೆಯ ತಳದವರೆಗೆ ಇಪ್ಪತ್ತೊಂದು ಕಲ್ಲಿನ ಮೆಟ್ಟಿಲು.

ಆ ಮಠದಲ್ಲಿ ದೀಕ್ಷೆಯೆಂದರೆ ಮಂತ್ರವಲ್ಲ. ದಿನಾ ಬೆಳಗಿನ ಜಾವ ಒಬ್ಬರು ಮೆಟ್ಟಿಲಿಳಿದು, ನೀರು ಮುಟ್ಟದ ಒಣ ಮೆಟ್ಟಿಲು ಎಷ್ಟೆಂದು ಎಣಿಸಿ, ಹೊಳೆಯ ಕಡೆ ಮುಖ ಮಾಡಿ ಮೂರು ಸಲ ಕೂಗಿ ಹೇಳಬೇಕು. ಗುರುಗಳು ಆ ಎಣಿಕೆಯನ್ನು ಯಾರಿಗೆ ಒಪ್ಪಿಸುತ್ತಾರೋ ಅವನೇ ಶಿಷ್ಯ.

ಮೂವತ್ತು ವರ್ಷದಿಂದ ಗುರುಗಳು, ಎಲ್ಲರ ಬಾಯಲ್ಲಿ ಅಜ್ಜ, ಅದನ್ನು ಯಾರಿಗೂ ಒಪ್ಪಿಸಿರಲಿಲ್ಲ. ತಾವೇ ಎಣಿಸುತ್ತಿದ್ದರು, ತಾವೇ ಕೂಗುತ್ತಿದ್ದರು.

ಕೊಟ್ರೇಶ ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅವನಿಗೆ ಕಂಪ್ಯೂಟರ್ ಕೆಲಸ ಗೊತ್ತಿತ್ತು. ಹೊಳೆಗೆ ಸೇತುವೆ ಇರಲಿಲ್ಲ, ದಾಟಲು ಮಠದ ದೋಣಿಯೊಂದೇ ಗತಿ. ಕೊಟ್ರೇಶ ಆ ದೋಣಿಗಾಗಿ ಒಂದು ಆ್ಯಪ್ ಮಾಡಿ ಅದಕ್ಕೆ 'ದಡ' ಎಂದು ಹೆಸರಿಟ್ಟ. ತೆರೆದರೆ ಮೊದಲ ಪುಟದಲ್ಲಿ ಅಂದಿನ ಒಣ ಮೆಟ್ಟಿಲಿನ ಅಂಕಿ. ಎರಡನೆಯದರಲ್ಲಿ ದೋಣಿ ಹೊರಡುವ ವೇಳೆ. ಮೂರನೆಯದರಲ್ಲಿ ದೋಣಿ ಕರೆಯುವ ಗುಂಡಿ. ಹೊಳೆಯುದ್ದದ ಎಂಟು ಊರಿನವರು ಅದನ್ನು ಫೋನಿಗೆ ಹಾಕಿಕೊಂಡರು.

ಅದರ ಬೆನ್ನಿಗೆ ಅವನು ಇನ್ನೊಂದು ಸಾಫ್ಟ್‌ವೇರ್ ಕೂರಿಸಿದ್ದ. ಯಾರು ಯಾವಾಗ ಆ್ಯಪ್ ತೆರೆದರು, ಎಲ್ಲಿ ಬೆರಳಿಟ್ಟರು, ಎಷ್ಟು ಹೊತ್ತು ನಿಂತರು, ಎಲ್ಲಿಂದ ಹೊರಗೆ ಹೋದರು ಎಂಬುದನ್ನೆಲ್ಲ ಅದು ಗೆರೆಯಾಗಿ, ಬಣ್ಣವಾಗಿ ತೋರಿಸುತ್ತಿತ್ತು.

ಒಂದು ದಿನ ಕೊಟ್ರೇಶ ಕೈಮುಗಿದು ನಿಂತ.

"ಅಜ್ಜಾರ, ಮೆಟ್ಟಿಲು ಎಣಿಸೋ ಕೆಲಸ ನನಗ ಕೊಡ್ರಿ."

"ನಿನಗ ಎಣಿಸಾಕ ಬರತೈತೇನು?"

ಕೊಟ್ರೇಶ ನಕ್ಕ. "ಇಪ್ಪತ್ತೊಂದರ ತನಕ ಬರತೈತ್ರಿ."

ಅಜ್ಜನೂ ನಕ್ಕರು. "ಹಂಗಾದ್ರ ಒಂದು ಮಾತು ಹೇಳು. ಈ ದಂಡಿಗೆ ಬರೋ ಮಂದಿ ಏನು ಬೇಕಂತ ಬರತಾರ? ಅದನ್ನ ಹೇಳಿದ ದಿನ ಕೆಲಸ ನಿಂದು."

ಕೊಟ್ರೇಶನಿಗೆ ಒಳಗೊಳಗೇ ಹಿಗ್ಗು. ಬೆರಳಿನ ಸುಳಿವನ್ನೂ ಬಿಡದೆ ಹಿಡಿಯುವ ಸಾಫ್ಟ್‌ವೇರ್ ತನ್ನ ಬಳಿ ಇರುವಾಗ ಇದೊಂದು ಪ್ರಶ್ನೆಯೇ?

"ನಾಳೆ ಹೇಳ್ತೀನ್ರಿ," ಎಂದ.

ಮಾರನೆಯ ದಿನ ಲ್ಯಾಪ್‌ಟಾಪ್ ತಂದು ಅಜ್ಜನ ಮುಂದೆ ಬಿಚ್ಚಿದ.

"ನೋಡ್ರಿ. ನೂರು ಮಂದಿ ಆ್ಯಪ್ ತೆಗೀತಾರ. ದಾಟಬೇಕಂತ ಬರತಾರ. ಅದರಾಗ ಅರವತ್ತೆರಡು ಮಂದಿ ಮೊದಲನೇ ಪುಟದಾಗ ಬಿಟ್ಟು ಹೋಗ್ತಾರ. ಇಲ್ಲಿ ಗೆರಿ ಕೆಂಪಾಗೇತಿ ನೋಡ್ರಿ. ದೋಣಿ ಕರಿಯೋ ತನಕ ಬರೋರು ಮೂವತ್ತೆಂಟ ಮಂದಿ."

"ಆ ಅರವತ್ತೆರಡು ಮಂದಿ ಎಲ್ಲಿಗೆ ಹೋದ್ರು?"

"ಹೊರಗ ಹೋದ್ರು."

"ಹೊರಗ ಅಂದ್ರ ಎಲ್ಲಿ?"

"ಅದು ಇದಕ್ಕ ಗೊತ್ತಾಗಂಗಿಲ್ರಿ ಅಜ್ಜಾರ. ಹೋಗೋ ತನಕ ಅಷ್ಟ ಕಾಣತೈತಿ."

ಅಜ್ಜ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದರು. "ಬಣ್ಣ ಚಂದೈತಿ," ಎಂದು ಎದ್ದು ಹೋದರು.

ಉತ್ತರ ಸಾಲಲಿಲ್ಲ ಎಂದು ಕೊಟ್ರೇಶನಿಗೆ ತಿಳಿಯಿತು. ಆದರೆ ಎಲ್ಲಿ ಸಾಲಲಿಲ್ಲ ಎಂದು ತಿಳಿಯಲಿಲ್ಲ. ಅವನು ತನಗೆ ತೋಚಿದ್ದನ್ನು ಮಾಡಿದ. ದಾಟಲು ಬಂದವರನ್ನು ಆ ಮೊದಲ ಪುಟವೇ ಅಡ್ಡಗಟ್ಟಿ ನಿಲ್ಲಿಸುತ್ತಿದೆ ಎಂದುಕೊಂಡು, ಮೆಟ್ಟಿಲಿನ ಅಂಕಿಯನ್ನು ಆ್ಯಪಿನಿಂದಲೇ ತೆಗೆದುಬಿಟ್ಟ. ಈಗ ತೆರೆದ ಕೂಡಲೇ ದೋಣಿ ಕರೆಯುವ ಗುಂಡಿ.

ಎಂಟು ದಿನಕ್ಕೆ ಓಡುತ್ತ ಬಂದ.

"ಅಜ್ಜಾರ, ಗೆದ್ದೆ! ಈಗ ನೂರಕ್ಕ ತೊಂಬತ್ತು ಮಂದಿ ಗುಂಡಿ ತನಕ ಮುಟ್ಟಾಕತ್ತಾರ. ಗೆರಿ ಪೂರಾ ಹಸಿರು."

"ದೋಣಿ ಹತ್ತೋರು ಹೆಚ್ಚಾದ್ರೇನು?"

ಕೊಟ್ರೇಶ ತಲೆ ಕೆರೆದುಕೊಂಡ. "ಅವರು ಅಷ್ಟ ಅದಾರ್ರಿ. ಒಟ್ಟು ಆ್ಯಪ್ ತೆಗಿಯೋರು ಸ್ವಲ್ಪ ಕಡಿಮಿ ಆಗ್ಯಾರ."

"ಎಷ್ಟು ಸ್ವಲ್ಪ?"

"ಅರ್ಧಕ್ಕಿಂತ ಹೆಚ್ಚು."

ಅಜ್ಜ ಕೈ ಚಾಚಿದರು. ಕೊಟ್ರೇಶ ಲ್ಯಾಪ್‌ಟಾಪ್ ಕೊಟ್ಟ. ಕೈ ಇನ್ನೂ ಚಾಚಿಯೇ ಇತ್ತು. ಫೋನನ್ನೂ ಕೊಟ್ಟ. ಅಜ್ಜ ಎರಡನ್ನೂ ಜೋಳದ ಗುಡಾಣದ ಮೇಲೆ ಇಟ್ಟರು.

"ನಾಳೆ ಮುಂಜಾನಿ ಮೆಟ್ಟಿಲ ಮ್ಯಾಲ ಕುಂದ್ರು. ದಂಡಿಗೆ ಬಂದು ದೋಣಿ ಹತ್ತದ ಹೊಳ್ಳಿ ಹೋಗೋರು ಎಷ್ಟು ಮಂದಿ, ಎಣಿಸಿಕೊಂಡು ಬಾ."

ಕೊಟ್ರೇಶ ಹೋಗಿ ಕುಳಿತ. ದೋಣಿ ನಡೆಸುವ ತಿರಕಪ್ಪ ಅವನನ್ನು ನೋಡಿ ಹುಟ್ಟು ಕೆಳಗಿಟ್ಟ.

"ಏನಪಾ ಕಂಪ್ಯೂಟರ್ ಸ್ವಾಮಿ, ಇವತ್ತು ಕಣ್ಣಿಲೆ ನೋಡಾಕ ಬಂದಿ?"

ಒಬ್ಬ ಹೆಂಗಸು ಬಂದಳು. ನೀರಿಗೆ ತಾಗಿದ ಮೆಟ್ಟಿಲವರೆಗೆ ಇಳಿದಳು, ನಿಂತಳು, ತಿರುಗಿ ಹೋದಳು. ಅವನು ಇದ್ದಿಲಿನಿಂದ ಕಲ್ಲಿನ ಮೇಲೆ ಒಂದು ಗೆರೆ ಎಳೆದ. ಆಮೇಲೆ ಒಬ್ಬ ಗಂಡಸು, ಅವನೂ ಹಾಗೆಯೇ. ಮತ್ತೆ ಇಬ್ಬರು. ಬಿಸಿಲೇರುವ ಹೊತ್ತಿಗೆ ಹನ್ನೊಂದು ಗೆರೆ.

"ಹನ್ನೊಂದು ಮಂದಿ, ಅಜ್ಜಾರ. ಪಾಪ, ದಾಟದ ಹೊಳ್ಳಿ ಹೋದ್ರು."

"ಯಾರ ಯಾರು?"

"ಕೇಳಲಿಲ್ರಿ. ಎಣಿಸಿದೆ ಅಷ್ಟ."

"ನಿನ್ನ ಡಬ್ಬಿನೂ ಅಷ್ಟ ಮಾಡ್ತಿತ್ತಲ್ಲೋ. ನಿನ್ನ್ಯಾಕ ಕಳಿಸಿದೆ ನಾನು?"

ಮರುದಿನ ಮತ್ತೆ ಹೋದ. ಅದೇ ಹೆಂಗಸು ಬಂದಳು. ಹೆಸರು ಯಲ್ಲವ್ವ. ಕಾಲು ಧೂಳಾಗಿತ್ತು. ಬಂದಳು, ಇಳಿದಳು, ನೋಡಿದಳು, ತಿರುಗಿದಳು.

"ಯವ್ವಾ, ಯಾಕ ದೋಣಿ ಹತ್ತಲಿಲ್ಲ?" ಎಂದು ಕೊಟ್ರೇಶ ಕೇಳಿದ.

"ನಾ ಯಾಕ ಹತ್ತಲಿ? ನನ್ನ ಹೊಲ ಈಚಿ ದಂಡಿಗೇ ಐತಿ."

"ಮತ್ತ ಯಾಕ ಬಂದಿದ್ದಿ?"

"ಮೆಟ್ಟಿಲು ನೋಡಾಕ. ಹೊಲಕ್ಕ ನೀರು ಎತ್ತೋ ನನ್ನ ಮೋಟಾರು ಹೊಳ್ಯಾಗ ಕುಂತೈತಿ. ಒಣ ಮೆಟ್ಟಿಲು ಏಳಕ್ಕ ಇಳಿದ್ರ ಅದನ್ನ ದಂಡಿಗೆ ಎಳೀಬೇಕು. ಎಳೀಲಿಲ್ಲಂದ್ರ ಹೊಳಿ ಅದನ್ನ ಸಮುದ್ರಕ್ಕ ಒಯ್ದು ಕೊಡತೈತಿ. ಮೊದಲು ಫೋನಿನಾಗ ಕಾಣತಿತ್ತು. ಹಾಸಿಗ್ಯಾಗ ಕುಂತು ನೋಡಿ ಮುಚ್ಚಿ ಇಡತಿದ್ದೆ. ಯಾವನೋ ಪುಣ್ಯಾತ್ಮ ಕಿತ್ತು ಒಗದಾನ. ಈಗ ದಿನಾ ಎರಡು ಮೈಲಿ ನಡೀಬೇಕು. ಅವ ಸಿಗಲಿ ಒಮ್ಮೆ."

ಕೊಟ್ರೇಶ ಎದ್ದು ನಿಂತ. "ನಾನ ಯವ್ವಾ, ಅವ."

ಯಲ್ಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಭಾಳ ಓದೀಯೇನು?"

"ಓದೀನಿ."

"ಹಂಗಾರ ತಪ್ಪು ನಿಂದಲ್ಲ ಬಿಡು."

ತಿರಕಪ್ಪ ನಕ್ಕ ನಗುವಿಗೆ ದೋಣಿ ಅಲುಗಿತು.

ಕೊಟ್ರೇಶ ಅಜ್ಜನ ಬಳಿ ಬಂದು ಕುಳಿತ.

"ಸಾಫ್ಟ್‌ವೇರ್ ಸುಳ್ಳು ಹೇಳಿತ್ರಿ ಅಜ್ಜಾರ. ತೆಗೆದು ಹಾಕ್ತೀನಿ."

"ಅದು ಏನಂತ ಹೇಳಿತ್ತು?"

"ಅರವತ್ತೆರಡು ಮಂದಿ ಮೊದಲನೇ ಪುಟದಿಂದ ಹೋದ್ರು ಅಂತ."

"ಹೋಗಿರಲಿಲ್ಲೇನು?"

"ಹೋಗಿದ್ರು."

"ದಾಟಾಕ ಬಂದಿದ್ರು ಅಂತ ಹೇಳಿತ್ತೇನು?"

"ಇಲ್ರಿ. ಅದು ನಾ ಅಂದಿದ್ದು."

ಅಜ್ಜ ಗುಡಾಣದ ಮೇಲಿನಿಂದ ಲ್ಯಾಪ್‌ಟಾಪನ್ನೂ ಫೋನನ್ನೂ ಇಳಿಸಿ, ಪಂಚೆಯ ಚುಂಗಿನಿಂದ ಧೂಳು ಒರೆಸಿ ಅವನ ಕೈಗಿಟ್ಟರು.

ಕೊಟ್ರೇಶ ಅಂಕಿಯನ್ನು ಮೊದಲ ಪುಟಕ್ಕೆ ಮರಳಿ ತಂದ, ಮೊದಲಿಗಿಂತ ದೊಡ್ಡದಾಗಿ. ಮೂರೇ ದಿನಕ್ಕೆ ಹೋದವರೆಲ್ಲ ಹಿಂದಿರುಗಿದರು. ಗೆರೆ ಮತ್ತೆ ಕೆಂಪಾಯಿತು. ಈ ಸಲ ಅವನು ಅದನ್ನು ಬೇರೆ ಕಣ್ಣಿನಿಂದ ನೋಡಿದ. ಸೂರ್ಯ ಹುಟ್ಟುವ ಮೊದಲೇ ತೆರೆಯುತ್ತಾರೆ. ನಾಲ್ಕು ಸೆಕೆಂಡು ನಿಲ್ಲುತ್ತಾರೆ. ಮುಚ್ಚುತ್ತಾರೆ. ದಿನಾ ಅದೇ ಹೊತ್ತು, ಅದೇ ನಾಲ್ಕು ಸೆಕೆಂಡು. 'ಬಿಟ್ಟು ಹೋದವರು' ಎಂದು ತಾನು ಹೆಸರು ಬರೆದಿದ್ದ ಕಡೆ ಅಳಿಸಿ 'ನೋಡಿ ಹೋದವರು' ಎಂದು ಬರೆದ.

ದಿನಾ ಬೆಳಿಗ್ಗೆ ಒಂದು ತಾಸು ಮೆಟ್ಟಿಲ ಮೇಲೆ ಕುಳಿತುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಯಾರ ಮೋಟಾರು ಎಲ್ಲಿದೆ, ಯಾರ ಹಗ್ಗ ಹಳೆಯದು, ಯಾರಿಗೆ ಎಳೆಯಲು ಜನವಿಲ್ಲ ಎಂದು ಕೇಳುತ್ತಿದ್ದ. ಎಣಿಕೆಯ ಕೆಲಸವನ್ನು ಮತ್ತೆ ಬೇಡಲಿಲ್ಲ. ಹೇಳಲು ಉತ್ತರ ಸಿದ್ಧವಾಗಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಶ್ರಾವಣ ಬಂತು. ಒಂದು ಮಧ್ಯಾಹ್ನ, ಎರಡು ಗಂಟೆಯ ಸುಮಾರು, ಆಕಾಶದಲ್ಲಿ ಒಂದು ಮೋಡವಿಲ್ಲ. ಬೆಳಿಗ್ಗೆ ಅಜ್ಜ ಕೂಗಿದ್ದು ಒಂಬತ್ತು ಒಣ ಮೆಟ್ಟಿಲು. ಆ್ಯಪಿನಲ್ಲೂ ಒಂಬತ್ತು.

ಕೊಟ್ರೇಶನ ಲ್ಯಾಪ್‌ಟಾಪಿನಲ್ಲಿ ಗೆರೆ ಒಮ್ಮೆಲೇ ನೆಟ್ಟಗೆ ಎದ್ದಿತು.

ಇನ್ನೂರು ಮಂದಿ, ಆಮೇಲೆ ಮುನ್ನೂರು. ಬೆಳಿಗ್ಗೆ ಮಾತ್ರ ನೋಡುವವರು ಉರಿಬಿಸಿಲಲ್ಲಿ ನೋಡುತ್ತಿದ್ದರು. ತೆರೆದರು, ಮುಚ್ಚಿದರು, ಅರೆನಿಮಿಷಕ್ಕೆ ಮತ್ತೆ ತೆರೆದರು. ಎಲ್ಲರೂ ಹೊಳೆಯ ಮೇಲಿನ ಮೂರು ಊರಿನವರು. ಕೆಳಗಿನ ಐದು ಊರಿನವರು ಒಬ್ಬರೂ ಇಲ್ಲ.

ಮೂರು ತಿಂಗಳ ಹಿಂದೆ ಆಗಿದ್ದರೆ ಅವನು ಕುಣಿಯುತ್ತಿದ್ದ. ಈಗ ಅವನಿಗೆ ಭಯವಾಯಿತು. ಕೊಟ್ಟ ಅಂಕಿಯನ್ನು ನಂಬದವರು ಮಾತ್ರ ಹೀಗೆ ಮತ್ತೆ ಮತ್ತೆ ನೋಡುತ್ತಾರೆ.

ಮೇಲಿನ ಊರಿನ ಒಬ್ಬನಿಗೆ ಫೋನ್ ಹಚ್ಚಿದ. ಹಲೋ ಅನ್ನುವ ಮೊದಲೇ ಆ ಕಡೆಯಿಂದ ಬೈಗುಳ.

"ಏ ಮಾರಾಯಾ, ನಿನ್ನ ಆ್ಯಪಿಗೆ ಕಣ್ಣು ಕುರುಡೇನು? ಇಲ್ಲಿ ನೀರು ಗುಡಿ ಕಟ್ಟಿಗೆ ಬಂದೈತಿ, ಇನ್ನೂ ಒಂಬತ್ತು ಅಂತ ತೋರಸಾಕತ್ತೈತಿ! ಮ್ಯಾಲ ಅಣೆಕಟ್ಟಿನ ಗೇಟು ಎತ್ತ್ಯಾರಂತ."

"ಇಲ್ಲಿಗೆ ಬರಾಕ ಎಷ್ಟು ಹೊತ್ತು?"

"ಮೂರು ತಾಸು. ಇಲ್ಲಾ ಅದಕ್ಕೂ ಕಡಿಮಿ."

ಕೊಟ್ರೇಶ ಅಂಕಿಯನ್ನು ಮುಟ್ಟಲಿಲ್ಲ. ಅದು ಅಜ್ಜನ ಎಣಿಕೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದ: ಮೂರು ತಾಸಿಗೆ ಹೊಳೆ ಬರುತ್ತದೆ. ಮೋಟಾರು ಎತ್ತಿರಿ. ಎಂಟು ಊರಿನ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಆಮೇಲೆ ಮೆಟ್ಟಿಲಿಗೆ ಓಡಿ ಮೂರು ಸಲ ಕೂಗಿದ.

ಕೆಳಗಿನ ಊರಿನವರು ಬಂದು ಹೊಳೆ ನೋಡಿದರು. ಹೊಳೆ ಹಸುವಿನಂತೆ ಮಲಗಿತ್ತು.

"ಏನಪಾ, ಮೋಡ ಇಲ್ಲ, ಮಳಿ ಇಲ್ಲ. ನಿನ್ನ ಕಂಪ್ಯೂಟರಿನ್ಯಾಗ ಮಳಿ ಆತೇನು?" ಎಂದ ಒಬ್ಬ.

ನಾಲ್ಕು ಜನ ನಕ್ಕರು. ಯಲ್ಲವ್ವ ನಗಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಈ ಹುಡುಗ ಮೂರು ತಿಂಗಳಿಂದ ದಿನಾ ನನ್ನ ಹಗ್ಗ ಗಟ್ಟಿ ಐತೇನಂತ ಕೇಳಾಕತ್ತಾನ. ನನ್ನ ಮೈದುನ ಕೇಳಿಲ್ಲ. ಅವ ಎತ್ತಂದ್ರ ನಾ ಎತ್ತಾಕಿ."

ಅವಳು ನೀರಿಗಿಳಿದಳು. ಅವಳ ಹಿಂದೆ ತಿರಕಪ್ಪ ಇಳಿದ. ಆಮೇಲೆ ಯಾರೂ ದಂಡೆಯ ಮೇಲೆ ನಿಲ್ಲಲಿಲ್ಲ. ಹಗ್ಗ ಬಂದವು, ಎತ್ತು ಬಂದವು, ಟ್ರ್ಯಾಕ್ಟರ್ ಬಂದವು. ದಂಡೆಯುದ್ದಕ್ಕೂ ಐಲೇಸಾ ಎಂಬ ಕೂಗು ಒಂದು ಊರಿನಿಂದ ಇನ್ನೊಂದು ಊರಿಗೆ ಹಬ್ಬಿತು. ಕೊಟ್ರೇಶ ಜನವಿಲ್ಲದ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೂಗಿ, ಅಲ್ಲಿಗೆ ಹತ್ತು ಹತ್ತು ಜನರನ್ನು ಓಡಿಸಿದ. ಕೊನೆಯ ಮೋಟಾರಿಗೆ ತಾನೇ ಹೆಗಲು ಕೊಟ್ಟ.

ಐದು ಗಂಟೆಗೆ ಹೊಳೆ ಬಂತು.

ಮೊದಲು ಸದ್ದು, ಆಮೇಲೆ ನೀರು. ಒಂಬತ್ತು ಮೆಟ್ಟಿಲನ್ನೂ ನುಂಗಿ ಮಠದ ಹೊಸ್ತಿಲಿಗೆ ಬಂದು ನಿಂತಿತು. ಕೆಳಗಿನ ಐದು ಊರಿನ ಜನ ದಂಡೆಯ ಮೇಲೆ ಕೆಸರು ಮೈಯಲ್ಲಿ ನಿಂತು ನೋಡಿದರು. ಯಾರೋ ಒಬ್ಬ ಕೇಕೆ ಹಾಕಿದ. ಮರುಗಳಿಗೆಗೆ ದಂಡೆಗೆ ದಂಡೆಯೇ ಕೇಕೆ ಹಾಕಿತು.

ಅಜ್ಜ ಹೊಸ್ತಿಲಲ್ಲಿ ಕುಳಿತಿದ್ದರು. ಪಾದ ನೀರಿನಲ್ಲಿತ್ತು. ಕೊಟ್ರೇಶ ಬಂದು ಪಕ್ಕದಲ್ಲಿ ನಿಂತ.

"ಇವತ್ತು ದೋಣಿ ಕರೆದವರು ಎಷ್ಟು ಮಂದಿ?" ಎಂದು ಅಜ್ಜ ಕೇಳಿದರು.

ಕೊಟ್ರೇಶ ಫೋನ್ ತೆಗೆದು ನೋಡಿದ. ನಗು ತಡೆಯಲಾಗಲಿಲ್ಲ.

"ಮಧ್ಯಾಹ್ನದಿಂದ ಒಬ್ಬರೂ ಇಲ್ರಿ. ನೂರಕ್ಕ ನೂರು ಮಂದಿ ಮೊದಲನೇ ಪುಟದಿಂದನ ಹೋಗ್ಯಾರ. ಗೆರಿ ಪೂರಾ ಕೆಂಪು."

"ಎಲ್ಲಿಗೆ ಹೋದ್ರು?"

ಕೊಟ್ರೇಶ ಫೋನನ್ನು ಜೇಬಿಗಿಟ್ಟು ದಂಡೆಯ ಕಡೆ ಕೈ ತೋರಿಸಿದ.

"ಅಗೋ, ಯಲ್ಲವ್ವ ತನ್ನ ಮೋಟಾರಿನ ಮ್ಯಾಲ ಕುಂತು ಎಲಿ ಹಾಕ್ಕೊಳ್ಳಾಕತ್ತಾಳ. ಆಕಿ ಆಚೆ ಬೇವಿನ ಗಿಡದ ಬುಡಕ್ಕ ನಾಗೇಂದ್ರಪ್ಪ, ಪೈಪಿಗೆ ತಲಿ ಕೊಟ್ಟು ಮಲಗ್ಯಾನ. ಅಲ್ಲಿ ಟ್ರ್ಯಾಕ್ಟರ್ ಹಿಂದ ದೊಡ್ಡಬಸಮ್ಮನ ಮೋಟಾರು, ಆಕಿ ಬಾಣಂತಿ, ನಾವ ಎಳದ್ವಿ. ಒಟ್ಟು ನೂರಾ ಹದಿನಾಲ್ಕು ಮೋಟಾರು, ಅಜ್ಜಾರ. ಒಂದೂ ನೀರಾಗ ಇಲ್ಲ."

ಅಜ್ಜ ಎದ್ದು ಅವನ ತಲೆಯ ಮೇಲೆ ಒದ್ದೆ ಕೈ ಇಟ್ಟರು.

"ನಾಳೆಯಿಂದ ಮೆಟ್ಟಿಲು ನೀ ಎಣಿಸು."

ಕೊಟ್ರೇಶ ಹೊಸ್ತಿಲ ಕೆಳಗೆ ನೋಡಿದ. ಬರೀ ಕೆಂಪು ನೀರು.

"ಎಣಿಸಾಕ ಒಂದು ಮೆಟ್ಟಿಲೂ ಕಾಣವಲ್ದು, ಅಜ್ಜಾರ."

"ಕಾಣೋವು ಇದ್ದಾಗ ನಾನ ಎಣಿಸ್ತಿದ್ದೆನಲ್ಲೋ. ಕಾಣದ್ದನ್ನ ಎಣಿಸಾಕ ನೀ ಬೇಕು."