ಅಡಿವೆಪ್ಪ ಅಪ್ಪಣೆ ಕೇಳಿದ್ದು

ಹೊಳೆದಂಡೆಯ ಮೇಲೊಂದು ಆಶ್ರಮ. ಅಲ್ಲಿ ಚನ್ನಮಲ್ಲ ಅಜ್ಜಾರು ಎಂಬ ಗುರುಗಳು.

ಸನ್ಯಾಸಕ್ಕೆ ಮೊದಲು ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಕಾವಿ ಉಟ್ಟ ಮೇಲೂ ಆ ಚಟ ಬಿಡಲಿಲ್ಲ. ಮೋಕ್ಷ ಕೇಳಿಕೊಂಡು ಬಂದವರಿಗೂ ಮೊದಲು ಗ್ರಾಮರ್ ಕಲಿಸುತ್ತಿದ್ದರು. ಮೋಕ್ಷಕ್ಕೆ ಅವಸರವಿದ್ದವರು ಬೇರೆ ಆಶ್ರಮ ನೋಡಿಕೊಳ್ಳುತ್ತಿದ್ದರು.

ನೋಡಿಕೊಳ್ಳದೆ ಉಳಿದವನು ಅಡಿವೆಪ್ಪ. ಕಾವಿ ಉಟ್ಟವನಲ್ಲ. ಆಶ್ರಮದ ತೋಟ ನೋಡಿಕೊಂಡು, ಬಿಡುವಿನಲ್ಲಿ ಇಂಗ್ಲಿಷ್ ಕಲಿಯುತ್ತ, ಮದುವೆಯ ವಯಸ್ಸು ಮೀರಿಸಿಕೊಳ್ಳುತ್ತಿದ್ದ ಒಳ್ಳೆಯ ಮನುಷ್ಯ.

ಊಟಕ್ಕೆ ಕೂಡುವ ಮೊದಲು, ಹೊಳೆ ದಾಟುವ ಮೊದಲು ಗುರುಗಳ ಅಪ್ಪಣೆ ಕೇಳುವುದು ಅಲ್ಲಿಯ ಪದ್ಧತಿ. ಅಡಿವೆಪ್ಪ ಅದನ್ನು ಹಿಗ್ಗಿಸಿ ಹಿಗ್ಗಿಸಿ ಸೀನಿನವರೆಗೆ ತಂದಿದ್ದ. ಸೀನು ಬಂದರೆ ಮೂಗು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಗುರುಗಳ ಮುಖ ನೋಡುತ್ತಿದ್ದ. ಅವರು ಹೂಂ ಅಂದ ಮೇಲೆಯೇ ಸೀನುತ್ತಿದ್ದ.

ಇಂಗ್ಲಿಷಿನ ಐದು ಪುಟ್ಟ ಶಬ್ದಗಳು ಅವನಿಗೆ ಬಹಳ ಕಾಟ ಕೊಟ್ಟಿದ್ದವು. ಕ್ಯಾನ್ ಎಂದರೆ ಕಸುವು, ಮೇ ಎಂದರೆ ಅಪ್ಪಣೆ, ಮಸ್ಟ್ ಎಂದರೆ ಕಡ್ಡಾಯ, ಶುಡ್ ಎಂದರೆ ಮಾಡಿದರೆ ಒಳ್ಳೆಯದು, ವಿಲ್ ಎಂದರೆ ಮಾಡಿಯೇ ಮಾಡುತ್ತೇನೆ. ಒಪ್ಪಿಸು ಎಂದರೆ ಗಿಳಿಯ ಹಾಗೆ ಒಪ್ಪಿಸುತ್ತಿದ್ದ. ತೊಂದರೆ ಇದ್ದದ್ದು ಒಪ್ಪಿಸಿದ ಮೇಲೆ.

ಒಮ್ಮೆ ವಿದೇಶದ ಪ್ರವಾಸಿಯೊಬ್ಬ ಬಿಸಿಲಲ್ಲಿ ಬಾಯಾರಿ ಬಂದು, ನೀರು ಕೊಡಬಲ್ಲಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ತುಂಬಿದ ಕೊಡ ಅಡಿವೆಪ್ಪನ ಹೆಗಲ ಮೇಲೆಯೇ ಇತ್ತು. "ಐ ಮಸ್ಟ್ ಆಸ್ಕ್ ಗುರೂಜಿ" ಎಂದವನೇ ಕೊಡದ ಸಮೇತ ಒಳಗೆ ಹೋದ. ಪಾಪ, ಆ ಮನುಷ್ಯ ಹೊಳೆಗಿಳಿದು ಬೊಗಸೆಯಲ್ಲಿ ಕುಡಿದು ಹೋದ.

ವ್ಯಾಕರಣದಲ್ಲಿ ತಪ್ಪಿಲ್ಲ ಎಂದು ಗುರುಗಳು ನಿಟ್ಟುಸಿರು ಬಿಟ್ಟರು.

ಆಚೆ ದಡದ ಆಸ್ಪತ್ರೆಯಿಂದ ಕಸ್ತೂರಿ ಎಂಬ ನರ್ಸ್ ವಾರಕ್ಕೊಮ್ಮೆ ದೋಣಿಯಲ್ಲಿ ಬರುತ್ತಿದ್ದಳು. ಗುರುಗಳ ಬಿ.ಪಿ. ನೋಡಿ, ಉಪ್ಪಿನಕಾಯಿ ಮುಟ್ಟಕೂಡದೆಂದು ಗದರಿಸಿ ಹೋಗುತ್ತಿದ್ದಳು. ಊರಿಗೆಲ್ಲ ಆಕೆ ಸಿಸ್ಟರ್. ಅಡಿವೆಪ್ಪ ಮಾತ್ರ ಜೀವ ಹೋದರೂ ಆ ಶಬ್ದ ಆಡುತ್ತಿರಲಿಲ್ಲ. ಕಸ್ತೂರಿ ಅದನ್ನು ಗಮನಿಸಿದ್ದಳು, ಅವಳಿಗೆ ಹಿಡಿಸಿಯೂ ಇತ್ತು.

ಅವಳ ಚೀಲ ಹೊತ್ತು ದೋಣಿಯ ತನಕ ಬಿಟ್ಟು ಬರುವುದು ಅವನ ಪಾಲಿಗೆ ಹಬ್ಬ. ಆ ವಾರವೂ ಹೊತ್ತುಕೊಂಡು ಹೊರಟಿದ್ದ. ಬೇವಿನ ಮರದ ಕೆಳಗೆ ಕಸ್ತೂರಿ ನಿಂತಳು.

"ನಾಳೆ ನನ್ನ ನೋಡಾಕ ಗಂಡಿನ ಕಡೇವ್ರು ಬರಾಕತ್ತಾರ. ಅಪ್ಪ ಒಪ್ಪಿದಂಗ ಕಾಣ್ತಾನ. ನಿಮಗೇನರ ಹೇಳೂದೈತೇನ್ರಿ?"

ಅಡಿವೆಪ್ಪನಿಗೆ ಹೇಳುವುದು ಬೇಕಾದಷ್ಟಿತ್ತು, ರಾತ್ರಿಯೆಲ್ಲ ಅದನ್ನೇ ಹೇಳಿಕೊಳ್ಳುತ್ತಿದ್ದ. ಆದರೆ ನಾಲಿಗೆ ತನ್ನ ರೂಢಿಯ ದಾರಿ ಹಿಡಿಯಿತು.

"ಅಜ್ಜಾರನ್ನ ಕೇಳಿ ಹೇಳ್ತೀನ್ರಿ."

ಕಸ್ತೂರಿ ಅವನ ಕೈಯಿಂದ ಚೀಲ ಕಿತ್ತುಕೊಂಡು ಒಬ್ಬಳೇ ಹೊಳೆಯ ಕಡೆ ನಡೆದಳು.

ಅಡಿವೆಪ್ಪ ಬಿದ್ದಂಬೀಳ ಅಡಿಗೆಮನೆಗೆ ಓಡಿದ. ಗುರುಗಳು ಅಲ್ಲೇ ಇದ್ದರು, ಯಾಕೆ ಇದ್ದರೋ.

"ಅಜ್ಜಾರ, ಕಸ್ತೂರಿಯವರಿಗೆ ಒಂದು ಮಾತು ಹೇಳಬೌದೇನ್ರಿ?"

ಮಾತು ಯಾವುದೆಂದು ಗುರುಗಳು ಕೇಳಲಿಲ್ಲ. ಅದು ಅವರಿಗೆ ಎಂದೋ ಗೊತ್ತಿತ್ತು.

"ಹೇಳಾಕ ಬರ್ತೈತೇನು?"

"ಬಾಯಿ ಐತ್ರಿ."

"ಹೇಳಲೇಬೇಕಂತ ಯಾರರ ಕುತ್ತಿಗಿ ಹಿಡದಾರೇನು?"

"ಇಲ್ರಿ."

"ಹೇಳಿದ್ರ ಚಲೋನ?"

"ಹೇಳದಿದ್ರ ನಾ ಉಳಿಯೂದಿಲ್ರಿ."

"ಹಂಗಾದ್ರ ಹೇಳ್ತಿ?"

ಅಡಿವೆಪ್ಪ ತನ್ನ ಕಾಲ ಹೆಬ್ಬೆರಳು ನೋಡಿದ. "ನೀವು ಹೂಂ ಅಂದ್ರ..."

ಗುರುಗಳು ಉಪ್ಪಿನಕಾಯಿಯ ಭರಣಿ ಮುಂದಕ್ಕೆಳೆದು ಮುಚ್ಚಳ ತೆಗೆದರು. ಖಾರದಲ್ಲಿ ಮುಳುಗಿದ್ದ ಒಂದು ಮಾವಿನ ಹೋಳನ್ನು ಬೆರಳಲ್ಲಿ ಎತ್ತಿ ಹಿಡಿದರು.

"ನೋಡು. ಹಲ್ಲು ಅದಾವ, ಕ್ಯಾನ್ ಆತು. ಕಸ್ತೂರಿ ಬ್ಯಾಡ ಅಂದಾಳ, ಮೇ ಹೋತು. ತಿನ್ನಲೇಬೇಕಂತ ಯಾರೂ ಹೇಳಿಲ್ಲ, ಮಸ್ಟ್ ಇಲ್ಲ. ತಿಂದ್ರ ಚಲೋ ಅಲ್ಲ, ಶುಡ್ಡೂ ಇಲ್ಲ."

"ಮತ್ತೇನ್ ಉಳೀತ್ರಿ?"

ಗುರುಗಳು ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಅಡಿವೆಪ್ಪ ಗುರುಗಳ ಮುಖದಲ್ಲಿ ಅಂಥ ಆನಂದವನ್ನು ಧ್ಯಾನದ ವೇಳೆಯೂ ಕಂಡಿರಲಿಲ್ಲ.

ಅವನು ಹೊಳೆಗೆ ಓಡಿದ.

ಅಂಬಿಗ ಹಗ್ಗ ಬಿಚ್ಚುತ್ತಿದ್ದ. ಅಡಿವೆಪ್ಪ ಏದುಸಿರು ಬಿಡುತ್ತ, ಅಂಬಿಗನೂ ಕೇಳುವಂತೆ ಹೇಳಿಬಿಟ್ಟ. "ನಾಳೆ ಆ ಮಂದಿ ಬರೂದು ಬ್ಯಾಡ್ರಿ. ನಾನೇ ಬಂದು ನಿಮ್ಮ ಅಪ್ಪಾರನ್ನ ಕೇಳ್ತೀನಿ."

ಕಸ್ತೂರಿಯ ಮುಖ ಅರಳಿತು. ಅಷ್ಟರಲ್ಲಿ ಅವನ ಹಿಂದೆ ಗುರುಗಳು ನಡೆದು ಬರುವುದು ಕಂಡಿತು. ಅರಳಿದ್ದು ಮುದುಡಿತು.

"ಬೆರಳಿಗೆ ಅದೇನ್ರಿ ಅಜ್ಜಾರ, ಕೆಂಪಗ?"

"ಪಾಠ ಹೇಳಾಕತ್ತಿದ್ನಿ," ಎಂದು ಗುರುಗಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಅವಳು ನಗಲಿಲ್ಲ. ಅಡಿವೆಪ್ಪನ ಕಡೆ ತಿರುಗಿದಳು. ಈಗ ಸ್ವಲ್ಪ ಹೊತ್ತಿನ ಮುಂಚೆ ಬಾಯಲ್ಲಿ ಇಲ್ಲದ ಮಾತು ಎಲ್ಲಿಂದ ಬಂತು ಎಂದು ಕೇಳಿದಳು.

"ಇದು ನಿಮ್ಮ ಮಾತೋ, ಅಜ್ಜಾರು ಹೇಳಿ ಕಳಿಸಿದ್ದೋ? ಅಪ್ಪಣೆ ಆಗೇತಂತ ನನ್ನ ಮಾಡಿಕೊಳ್ಳೋ ಗಂಡು ನನಗ ಬ್ಯಾಡ್ರಿ. ನಾಳೆ ಬಿಡು ಅಂತ ಅಪ್ಪಣೆ ಆದ್ರ ಬಿಟ್ಟೂ ಬಿಡ್ತೀರಿ."

ಅಪ್ಪ ಈಗ ಮನೆಯಲ್ಲೇ ಇದ್ದಾನೆ, ಕೇಳುವವರು ಇದೇ ದೋಣಿಯಲ್ಲಿ ಬಂದು ಕೇಳಬಹುದು, ನಾಳೆಯ ಮಾತು ತನಗೆ ಬೇಡ ಎಂದಳು. ಹೇಳಿ ದೋಣಿ ಹತ್ತಿ ಆಚೆ ಮುಖ ಮಾಡಿ ಕೂತಳು. ಅಂಬಿಗ ಹುಟ್ಟು ಹಾಕಿದ.

ಅಡಿವೆಪ್ಪ ಒಂದು ಹೆಜ್ಜೆ ಇಟ್ಟ. ಆದರೆ ಎದುರಿಗಿದ್ದದ್ದು ಹೊಳೆ. ಎಷ್ಟೋ ವರ್ಷದ ಅಭ್ಯಾಸ, ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು.

"ಅಜ್ಜಾರ, ಹೋಗ್ಲೇನ್ರಿ?"

"ಬ್ಯಾಡ," ಎಂದರು ಗುರುಗಳು.

ಅಡಿವೆಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಗುರುಗಳು ಅವನಿಗೆ ಯಾವುದಕ್ಕೂ ಬೇಡ ಅಂದವರಲ್ಲ, ಸೀನಿಗೂ ಅಂದಿರಲಿಲ್ಲ. ಯಾಕೆ ಎಂದು ಕೇಳಲು ಬಾಯಿ ತೆರೆದ. ಅವರು ಹೊಳೆಯ ಕಡೆ ನೋಡುತ್ತ ನಿಂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ದೋಣಿ ದಡ ಬಿಟ್ಟು ಸರಿಯುತ್ತಿತ್ತು. ಕಸ್ತೂರಿ ಆಚೆ ಮುಖ ಮಾಡಿಯೇ ಕೂತಿದ್ದಳು, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ದಡಕ್ಕೂ ಕಂಡಿತು.

ಅಡಿವೆಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಗುರುಗಳ ಮೇಲೆ ಸಿಟ್ಟು ಬಂತು. ಸಿಟ್ಟು ಬರಲು ಅವನು ಯಾರನ್ನೂ ಕೇಳಲಿಲ್ಲ.

ಧೋತರ ಎತ್ತಿ ಕಟ್ಟಿದ. ನೀರಿಗೆ ಹಾರಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅಂಬಿಗ ನಗುತ್ತ ಹುಟ್ಟು ನಿಲ್ಲಿಸಿದ. ಕಸ್ತೂರಿ ಈಚೆ ತಿರುಗಿ, ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ದೋಣಿ ಹೊಯ್ದಾಡಿ ಮೂವರಿಗೂ ಅರ್ಧ ಸ್ನಾನವಾಯಿತು.

ಕೂತ ಮೇಲೆ ಅಡಿವೆಪ್ಪನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ತೊಯ್ದ ಕೈ ಜೋಡಿಸಿಕೊಂಡು ದಡದ ಕಡೆ ಕೂಗಿದ.

"ತಪ್ಪಾತ್ರಿ ಅಜ್ಜಾರ. ನಿಮ್ಮ ಮಾತು ಮೀರಿದ್ನಿ. ಆದ್ರ ನಾ ಹೋಗ್ತೀನ್ರಿ."

ಗುರುಗಳು ಬೆನ್ನ ಹಿಂದಿನ ಕೈ ಮುಂದೆ ತಂದರು. ಖಾರ ಹತ್ತಿದ್ದ ಆ ಕೈಯನ್ನು ಇಬ್ಬರಿಗೂ ಕಾಣುವಂತೆ ಮೇಲಕ್ಕೆತ್ತಿದರು.

"ಅಪ್ಪಣೆ ಕೊಡೂದಿಲ್ಲಪಾ. ಆಶೀರ್ವಾದ ತಗೊಂಡು ಹೋಗು."